ಅಪ್‌ಡೇಟ್: ತಂಗಿಯ ಮುಟ್ಟಿನ ನೋವಿಗೆ ಕಾರಣ ತಿಳಿಯಿತು

ಪ್ರತಿ ತಿಂಗಳೂ ಹೊಟ್ಟೆನೋವಿನಿಂದ ಶಾಲೆ ತಪ್ಪಿಸುತ್ತಿದ್ದ ನನ್ನ 15 ವರ್ಷದ ತಂಗಿಗೆ ಮಾತ್ರೆಯ ಹೊರತು ಬೇರೆ ಪರಿಹಾರವಿದೆಯೇ ಎಂದು ಈ ಹಿಂದೆ ಕೇಳಿದ್ದೆ. ಉಡುಪಿಯಲ್ಲಿ ಮೊದಲು ನೋಡಿದ ವೈದ್ಯರು, ಮುಟ್ಟು ಕ್ರಮವಾಗಿಯೇ ಆಗುತ್ತಿರುವುದರಿಂದ ಚಿಂತೆಗೆ ಕಾರಣವಿಲ್ಲ ಎಂದಿದ್ದರು. ನಮ್ಮನ್ನು ದಾರಿ ತಪ್ಪಿಸಿದ್ದು ಆ ಮಾತೇ.

ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ, ಅವಳಿಗೆ ಎರಡು ಗರ್ಭಕೋಶಗಳಿರುವುದೂ, ಬಲಬದಿಯ ಗರ್ಭಕೋಶದ ಹೊರದಾರಿಯನ್ನು ಯೋನಿಯೊಳಗಿನ ಪರದೆಯೊಂದು ಮುಚ್ಚಿರುವುದೂ, ಅದೇ ಬದಿಯಲ್ಲಿ ಮೂತ್ರಪಿಂಡವೇ ಇಲ್ಲದಿರುವುದೂ ತಿಳಿದುಬಂತು. ಇದಕ್ಕೆ ಓಹ್ವೀರಾ ಸಿಂಡ್ರೋಮ್ ಎಂದು ಹೆಸರು. ಭ್ರೂಣದಲ್ಲಿ ಮುಲ್ಲೇರಿಯನ್ ನಾಳಗಳೆಂಬ ಎರಡು ಕೊಳವೆಗಳು ಕೂಡಿ ಒಂದು ಗರ್ಭಕೋಶವಾಗಬೇಕು. ಕೂಡದಿದ್ದರೆ ಎರಡಾಗಿ ಉಳಿಯುತ್ತವೆ, ಮತ್ತು ಮೂತ್ರಪಿಂಡದ ಬೆಳವಣಿಗೆಯೂ ಇದರೊಂದಿಗೆ ಹೆಣೆದುಕೊಂಡಿರುವುದರಿಂದ ಎರಡು ದೋಷಗಳೂ ಹಲವೊಮ್ಮೆ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಎಡಬದಿಯಿಂದ ಸ್ರಾವ ಎಂದಿನಂತೆ ಹೊರಬರುತ್ತಿದ್ದುದರಿಂದಲೇ ಬಲಬದಿಯಲ್ಲಿ ತಿಂಗಳು ತಿಂಗಳೂ ರಕ್ತ ಕಟ್ಟಿಕೊಳ್ಳುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ. ಹೀಗೆ ಕಟ್ಟಿಕೊಂಡ ರಕ್ತವು ಅಂಡನಾಳಗಳ ಮೂಲಕ ಹಿಂದಕ್ಕೆ ಹರಿದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಉಂಟಾಗುವ ಅಪಾಯವೂ ಇದೆಯಂತೆ.

ಗರ್ಭಕೋಶಗಳನ್ನು ಮುಟ್ಟದೆ, ಆ ಪರದೆಯನ್ನಷ್ಟೇ ಯೋನಿಮಾರ್ಗದ ಮೂಲಕ ತೆಗೆದರು. ಹೊಟ್ಟೆ ಕೊಯ್ಯಬೇಕಾಗಬಹುದೆಂದು ಅಮ್ಮ ಸುಮ್ಮನೆ ಹೆದರಿದ್ದರು. ಮುಂದೆ ಗರ್ಭಧಾರಣೆ ಸಾಧ್ಯವಿದೆ, ಆದರೆ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಸಾಮಾನ್ಯಕ್ಕಿಂತ ಹೆಚ್ಚು ಎಂದು ವೈದ್ಯರು ವಿವರಿಸಿದರು. ಇರುವ ಒಂದೇ ಮೂತ್ರಪಿಂಡದ ಕಾರಣ ರಕ್ತದೊತ್ತಡವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ಅದೇ ಕಾರಣಕ್ಕೆ, ವೈದ್ಯರನ್ನು ಕೇಳದೆ ನೋವಿನ ಮಾತ್ರೆಗಳನ್ನು ನುಂಗುವಂತಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಎರಡು ಬಾರಿ ಮುಟ್ಟಾಗಿದೆ, ಎರಡೂ ಸಲ ಅವಳು ಶಾಲೆಗೆ ಹೋಗಿದ್ದಾಳೆ.