ಮಚ್ಚು ಎತ್ತಿದರು, ಪೆಟ್ಟು ಬೀಳಲಿಲ್ಲ: ಕೊಲೆ ಯತ್ನದ ಕೇಸ್ ಆಗುತ್ತಾ?

ಹೊಲದಂಚು:
ಬದುವಿನ ಜಗಳ. ಪಕ್ಕದ ಹೊಲದವರು ನಮ್ಮ ಅಪ್ಪನ ಮೇಲೆ ಮಚ್ಚು ಎತ್ತಿ "ಇವತ್ತು ನಿನ್ನ ಮುಗಿಸಿಬಿಡ್ತೀನಿ" ಅಂದರು, ಅಷ್ಟರಲ್ಲಿ ಚಿಕ್ಕಪ್ಪ ಹಿಂದಿನಿಂದ ಬಂದು ಕೈ ಹಿಡಿದುಕೊಂಡರು. ಒಂದು ಗೀರೂ ಆಗಿಲ್ಲ. ಸ್ಟೇಷನ್ನಿನಲ್ಲಿ "ಗಾಯಾನೇ ಇಲ್ವಲ್ಲ" ಅಂತ ಎನ್‌ಸಿ (ಕೋರ್ಟಿನ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧದ ದಾಖಲೆ) ಬರೆದುಕೊಂಡು ಕಳಿಸಿದರು. ಗಾಯ ಇಲ್ಲದಿದ್ದರೆ ಕೊಲ್ಲುವ ಉದ್ದೇಶ ಇತ್ತು ಅಂತ ತೋರಿಸೋಕೆ ಆಗೋದೇ ಇಲ್ವಾ? ಅಪ್ಪ ಹೊಲದ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ.

ಕರಿಕೋಟು:
ಗಾಯ ಇಲ್ಲ ಅಂದ ಮಾತ್ರಕ್ಕೆ ಕೇಸ್ ಬಿದ್ದುಹೋಗುವುದಿಲ್ಲ. ಕೊಲೆ ಯತ್ನದ ಸೆಕ್ಷನ್ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಈಗಿನ ದಂಡ ಕಾಯ್ದೆ) 109, ಅಂದರೆ ಹಳೆಯ ಐಪಿಸಿ 307, ಗಾಯವನ್ನು ಕಡ್ಡಾಯ ಮಾಡಿಲ್ಲ. ಗಾಯ ಇಲ್ಲದಿದ್ದರೂ 10 ವರ್ಷದವರೆಗೆ ಶಿಕ್ಷೆ ಇದೆ. ಕಷ್ಟ ಬರುವುದು ಬೇರೆ ಕಡೆ. ಕಾಯ್ದೆಯಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ: ಕೊಲ್ಲಬೇಕು ಅಂತ ಬಂದೂಕು ಕೊಂಡು ಗುಂಡು ತುಂಬಿಸಿದರೆ ಈ ಅಪರಾಧ ಇನ್ನೂ ಆಗಿಲ್ಲ, ಆ ವ್ಯಕ್ತಿಯ ಮೇಲೆ ಹಾರಿಸಿದರೆ ಆಯಿತು. ನಿಮ್ಮದು ಈ ಎರಡರ ನಡುವೆ ನಿಂತಿದೆ. ಮಚ್ಚು ಎತ್ತಿ ಸುಮ್ನೆ ಹೆದರಿಸುತ್ತಿದ್ದರಾ, ಅಥವಾ ಕೈ ಕೆಳಗೆ ಬರುತ್ತಿತ್ತಾ? ಅವರೇ ನಿಲ್ಲಿಸಿದರಾ, ಇನ್ನೊಬ್ಬರು ಹಿಡಿದಿದ್ದಕ್ಕೆ ನಿಂತಿತಾ? ಮನಸ್ಸಿನೊಳಗೆ ಇಣುಕಿ ನೋಡುವವರು ಯಾರೂ ಇಲ್ಲ, ಹಾಗಾಗಿ ಕೋರ್ಟು ಇಂಥವುಗಳಿಂದಲೇ ಉದ್ದೇಶ ಅಳೆಯುತ್ತದೆ.

ತೆಂಗಿನತೋಟ:
ಒಂದು ಮಾತು. ಹೊಲದಲ್ಲಿ ಮಚ್ಚು ಎಲ್ಲರ ಕೈಯಲ್ಲೂ ಇರುತ್ತದೆ. ಕಾಯಿ ಕೆಡವುತ್ತಿದ್ದವರು ಸಿಟ್ಟಿನಲ್ಲಿ ಎತ್ತಿದ್ದಕ್ಕೂ, ಜಗಳಕ್ಕೆ ಅಂತಲೇ ಮನೆಯಿಂದ ತಂದಿದ್ದಕ್ಕೂ ತುಂಬಾ ವ್ಯತ್ಯಾಸ ಇದೆ. ಎದುರು ವಕೀಲರು ಮೊದಲು ಕೇಳುವುದೇ ಇದನ್ನು.

ಹೊಲದಂಚು:
ಮನೆಗೆ ಹೋಗಿ ತಂದರು ಅಣ್ಣ, ದಾರಿಯಲ್ಲಿ ಇಬ್ಬರು ನೋಡಿದ್ದಾರೆ. ಚಿಕ್ಕಪ್ಪ ಹಿಡಿದಾಗ ಕೈ ಕೆಳಗೆ ಬರುತ್ತಿತ್ತು.

ಕರಿಕೋಟು:
ಹಾಗಿದ್ದರೆ ಆ ಇಬ್ಬರ ಹೇಳಿಕೆ ನಿಮ್ಮ ಜೀವಾಳ. 109 ನಿಲ್ಲದಿದ್ದರೂ ಉಳಿದಿದ್ದು ಸಣ್ಣದಲ್ಲ. ಹೊಡೆಯುವಂತೆ ಕೈ ಎತ್ತಿ ಭಯ ಹುಟ್ಟಿಸಿದರೇ 130ರ ಪ್ರಕಾರ ಹಲ್ಲೆ. ಬರೀ ಮಾತು ಹಲ್ಲೆ ಆಗುವುದಿಲ್ಲ, ಆದರೆ ಕೈ ಎತ್ತಿದ್ದು ಯಾಕೆ ಅಂತ ಮಾತಿನಿಂದ ಗೊತ್ತಾಗುತ್ತದೆ, ಅದಕ್ಕೇ "ಮುಗಿಸಿಬಿಡ್ತೀನಿ" ಅಂದಿದ್ದನ್ನು ದೂರಿನಲ್ಲಿ ಅವರು ಅಂದ ಹಾಗೆಯೇ ಬರೆಸಿ. ಈ ಹಲ್ಲೆಗೆ ಶಿಕ್ಷೆ 3 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿ ದಂಡ ಅಥವಾ ಎರಡೂ, ಅಷ್ಟೇ. ಆದರೆ ಜೀವ ಬೆದರಿಕೆಗೆ 351(3)ರಲ್ಲಿ 7 ವರ್ಷದವರೆಗೆ ಇದೆ. ಅಲ್ಲೂ ಹೆದರಿಸುವ ಉದ್ದೇಶ ತೋರಿಸಬೇಕು, ನಮ್ಮ ಕರ್ನಾಟಕದಿಂದ ಹೋದ ಮಾಣಿಕ್ ತನೇಜಾ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಬರೀ ಮಾತು ಸಾಲದು ಅಂದಿದೆ. ನಿಮ್ಮಲ್ಲಿ ಮಾತಿನ ಜೊತೆ ಮಚ್ಚೂ ಇದೆ.

ಎನ್‌ಸಿ ಅಂದರೆ ಮುಗಿಯಿತು ಅಂತ ಕೂರಬೇಡಿ. ಮ್ಯಾಜಿಸ್ಟ್ರೇಟ್ ಆದೇಶ ಕೊಟ್ಟರೆ ಪೊಲೀಸರು ತನಿಖೆ ಮಾಡಲೇಬೇಕು. ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರನ್ನೂ ಕೊಡಬಹುದು.

ಹಳ್ಳಿದಾರಿ:
ಯಾರಾದರೂ ವಿಡಿಯೊ ಮಾಡಿದ್ದರೆ ಆ ಫೋನನ್ನು ಹಾಗೇ ಇಡಿ. ವಾಟ್ಸಾಪಿನಲ್ಲಿ ಬಂದ ಕಾಪಿ ಒಂದನ್ನೇ ನಂಬಬೇಡಿ, ಹೊಸ ಸಾಕ್ಷ್ಯ ಕಾಯ್ದೆಯ (ಭಾರತೀಯ ಸಾಕ್ಷ್ಯ ಅಧಿನಿಯಮ) 63ರ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಚಿಕ್ಕಪ್ಪ ಕೈ ತಿರುಚಿದರು ಅಂತ ಅವರೂ ಎದುರು ದೂರು ಕೊಡಬಹುದು, ಹೆದರಬೇಡಿ. ಇನ್ನೊಬ್ಬರ ಜೀವ ಉಳಿಸೋಕೆ ತಡೆಯುವ ಹಕ್ಕು ಬಿಎನ್‌ಎಸ್ 35ರಲ್ಲಿದೆ, ಪೆಟ್ಟು ಬೀಳುವವರೆಗೆ ಕಾಯಬೇಕಿಲ್ಲ ಅಂತ 40 ಹೇಳುತ್ತದೆ.