ಅಪ್‌ಡೇಟ್: ಅಕ್ಕನಿಗೆ ಬಂದ ಲಂಡನ್ ಡಾಕ್ಟರ್ ಸಂಬಂಧ

ಹೋದ ವಾರ ಕೇಳಿದ್ದೆನಲ್ಲ, ಮ್ಯಾಟ್ರಿಮೋನಿಯಲ್ಲಿ ಅಕ್ಕನಿಗೆ ಸಿಕ್ಕ 33 ವರ್ಷದ ಲಂಡನ್ ಡಾಕ್ಟರ್ ಅಸಲಿಯಾ ಅಂತ? ಅಲ್ಲ.

ಗೂಗಲ್ ಲೆನ್ಸ್‌ನಲ್ಲಿ ಫೋಟೊ ಹುಡುಕಿದರೆ ಏನೂ ಸಿಗಲಿಲ್ಲ. ವಿಡಿಯೊ ಕಾಲ್ ಅಂದರೆ ಪ್ರತಿ ಸಲ ‘ಡ್ಯೂಟಿಯಲ್ಲಿದ್ದೇನೆ’. ಕೆಲಸಕ್ಕೆ ಬಂದದ್ದು ಅಲ್ಲಿನ ಡಾಕ್ಟರುಗಳ ಪಟ್ಟಿ ಇಡುವ ಜನರಲ್ ಮೆಡಿಕಲ್ ಕೌನ್ಸಿಲ್‌ನ ರಿಜಿಸ್ಟರ್ ನೋಡಿ ಅಂದವರ ಸಲಹೆ. ಅದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದಂತೆ, ನನಗೆ ಗೊತ್ತೇ ಇರಲಿಲ್ಲ. ಮಜಾ ಏನು ಗೊತ್ತಾ? ಇವನು ಕೊಟ್ಟ ಏಳಂಕಿ ರಿಜಿಸ್ಟರ್ ನಂಬರ್ ನಿಜವಾದದ್ದೇ! ಹೆಸರೂ ಸರಿಯಿತ್ತು. ಆದರೆ ಪಕ್ಕದಲ್ಲಿ ಎಂಬಿಬಿಎಸ್ 1994 ಅಂತಿತ್ತು. ತೊಟ್ಟಿಲಲ್ಲೇ ಪಾಸಾದನಾ ಮಹಾರಾಯ? ಯಾರೋ ಪಾಪದ ಹಿರಿಯ ಡಾಕ್ಟರ ನಂಬರ್ ಎತ್ತಿಕೊಂಡಿದ್ದಾನೆ.

ಅಕ್ಕ ಅದನ್ನೇ ಕೇಳಿದಳು. ನೀಲಿ ಟಿಕ್ ಬಂತು, ಆಮೇಲೆ ಬ್ಲಾಕ್. ಸದ್ಯ, ದುಡ್ಡು ಹೋಗಿಲ್ಲ. ಅಮ್ಮ ಮಾತ್ರ ಇನ್ನೂ, ‘ಫೋಟೊದಲ್ಲಿ ಎಷ್ಟು ಲಕ್ಷಣವಾಗಿದ್ದ’ ಅಂತಿದ್ದಾರೆ.