21 ಮಕ್ಕಳ ಕ್ಲಾಸು, 34 ಜನರ ಗುಂಪು

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 34 ಜನ ಇದ್ದೇವೆ. ಬೇಲೂರು, ಹಾಸನ, ಮೈಸೂರು, ಬೆಂಗಳೂರು ಅಂತ ಎಲ್ಲರೂ ಅಲ್ಲಲ್ಲೇ. ನಾನೊಬ್ಬಳು ಮಾತ್ರ ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ನಲ್ಲಿ. ಹೋದ ಶನಿವಾರ ದೊಡ್ಡಪ್ಪ ಒಂದು ಫೋಟೊ ಹಾಕಿದರು. ಗೌನು ತೊಟ್ಟ ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದಾರೆ. ಕೆಳಗೆ ಹೀಗಿತ್ತು:

"ಅಮೆರಿಕದ ಅರ್ಮೇನಿಯನ್ ಹೈಸ್ಕೂಲು. ಇಲ್ಲಿ ಇಂಗ್ಲಿಷ್ ಮಾತಾಡಿದರೆ ದಂಡ! ಅರ್ಮೇನಿಯನ್ ಜಗತ್ತಿನ ಅತ್ಯುತ್ತಮ ಭಾಷೆ ಎಂದು ಯುನೆಸ್ಕೋ ಘೋಷಿಸಿದೆ. ಕನ್ನಡಿಗರೇ, ನಾವು ಏಳುವುದು ಯಾವಾಗ? ಹತ್ತು ಜನಕ್ಕೆ ಕಳಿಸಿ."

ಬೆಂಗಳೂರಿನ ತಮ್ಮ ಎರಡೇ ನಿಮಿಷಕ್ಕೆ ಬಂದ. "ಮೂಲ ಎಲ್ಲಿದೆ ದೊಡ್ಡಪ್ಪ? ಯುನೆಸ್ಕೋ ಯಾವ ಭಾಷೆಗೂ ಹಾಗೆ ಸರ್ಟಿಫಿಕೇಟ್ ಕೊಡಲ್ಲ. ರಾಷ್ಟ್ರಗೀತೆ ವಿಷಯಾನೂ ಹೀಗೇ ಕಳಿಸಿದ್ರಿ."

"ಪುರಾವೆ ಕೇಳೋದು ಕಲಿತಿದ್ದೀರಿ. ಹಿರಿಯರಿಗೊಂದು ನಮಸ್ಕಾರ ಹಾಕೋದು ಕಲೀಲಿಲ್ಲ," ಅಂದರು ದೊಡ್ಡಪ್ಪ.

ಆಗ ನಾನು ಬರೆದೆ. ನಮ್ಮ ಊರಿನಲ್ಲಿ ಅರ್ಮೇನಿಯನ್ನರು ತುಂಬಾ ಇದ್ದಾರೆ. ಪಕ್ಕದ ಮನೆ ಹುಡುಗಿ ಅಂಥದ್ದೇ ಒಂದು ಶಾಲೆಯಿಂದ ಈ ಜೂನ್‌ನಲ್ಲಿ ಹೊರಬಂದಳು. ಸಮಾರಂಭಕ್ಕೆ ನಾನೂ ಹೋಗಿದ್ದೆ. ಅಲ್ಲಿ ಯಾರೂ ದಂಡ ಹಾಕುವುದಿಲ್ಲ, ಹುಡುಗರು ಕಾರಿಡಾರಿನಲ್ಲಿ ಇಂಗ್ಲಿಷೇ ಮಾತಾಡುತ್ತಿದ್ದರು. ಯುನೆಸ್ಕೋ ಹೇಳಿದ್ದು ಬೇರೆಯೇ. 2010ರ ಅದರ ಭಾಷಾ ಅಟ್ಲಾಸಿನಲ್ಲಿ ಆ ಹುಡುಗಿ ಮಾತಾಡುವ ಪಶ್ಚಿಮ ಅರ್ಮೇನಿಯನ್ "ಖಚಿತವಾಗಿ ಅಳಿವಿನ ಅಪಾಯದಲ್ಲಿರುವ" ಭಾಷೆಗಳ ಸಾಲಿನಲ್ಲಿದೆ. ನಮ್ಮ ಕೊಡವ ತಕ್ಕ್ ಇರುವುದೂ ಅದೇ ಸಾಲಿನಲ್ಲಿ. ಅವರ ಲಿಪಿಯನ್ನು ಮೆಸ್ರೋಪ್ ಮಾಷ್ಟೋಟ್ಸ್ ಎಂಬ ಪಾದ್ರಿ 405ರ ಸುಮಾರಿಗೆ ಮಾಡಿದ ಅಂತಲೂ ಸೇರಿಸಿದೆ. ಅಲ್ಲೇ ತಪ್ಪಿದ್ದು.

"405? ನಮ್ಮ ಹಲ್ಮಿಡಿ ಶಾಸನ 450. ಬರೀ 45 ವರ್ಷ ವ್ಯತ್ಯಾಸ!" ಅಂದರು ಹಾಸನದ ಮಾವ.

"ಹಲ್ಮಿಡಿ ಅಂದ್ರೆ ನೆನಪಾಯ್ತು," ಅಂತ ಭಾವ ಶುರು ಮಾಡಿದರು. ಏಳನೇ ಕ್ಲಾಸಿನ ಪ್ರವಾಸ, ಪಂಕ್ಚರ್ ಆದ ಬಸ್ಸು, ಮೇಷ್ಟ್ರ ಮನೆಯ ಚಿತ್ರಾನ್ನ. ಊರಲ್ಲಿರುವುದು ಪ್ರತಿಕೃತಿ, ನಿಜವಾದ ಕಲ್ಲು ಅಲ್ಲಿಲ್ಲ ಅಂತ ತಮ್ಮ ತಿದ್ದಿದ. ಚಿತ್ರಾನ್ನಕ್ಕೆ ಮಾವಿನಕಾಯಿ ಹಾಕಿದ್ದರೋ ನಿಂಬೆಹಣ್ಣೋ ಅಂತ ಹದಿನೆಂಟು ಮೆಸೇಜು ಓಡಿದವು.

ನಡುವೆ ಮಡಿಕೇರಿಯ ಅತ್ತಿಗೆ ಒಂದು ಸಾಲು ಹಾಕಿದರು. ಅವರು ಗುಂಪಿನಲ್ಲಿ ಬರೆಯುವುದೇ ಅಪರೂಪ.

"ಕೊಡವ ತಕ್ಕ್ ಅಳೀತಾ ಇದೆ ಅಂತ ಈಗ ಎಲ್ಲರಿಗೂ ಗೊತ್ತಾಯ್ತಲ್ಲ. ಮಗು ಹುಟ್ಟಿದಾಗ 'ಅದರ ಹತ್ರ ಕನ್ನಡ ಮಾತಾಡು, ನಿಮ್ಮ ಭಾಷೆ ನಮಗೆ ತಿಳಿಯಲ್ಲ' ಅಂತ ಹೇಳಿದ್ದು ಇದೇ ಮನೇಲಿ."

ಚಿತ್ರಾನ್ನ ಅಲ್ಲಿಗೇ ನಿಂತಿತು. ಅತ್ತೆ, "ನಾನು ಹಾಗೆ ಹೇಳೇ ಇಲ್ಲ," ಅಂದರು. ನಾಮಕರಣದ ದಿನ ಹಿತ್ತಿಲಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೆ ಅಂತ ಚಿಕ್ಕಮ್ಮ. ಚಿಕ್ಕಮ್ಮನಿಗೆ ಆ ನಾಮಕರಣಕ್ಕೆ ಬರಲು ಕಾರು ಕಳಿಸಿರಲಿಲ್ಲ ಅನ್ನುವುದೂ ಅದರ ಹಿಂದೆಯೇ ಬಂತು. ದೊಡ್ಡಪ್ಪ "ಮನೆ ಮಾತು ಮನೆಯಲ್ಲೇ ಇರಲಿ" ಅಂದರು. ಇದು ಮನೆಯ ಗುಂಪೇ ಅಂತ ತಮ್ಮ ನೆನಪಿಸಿದ. ಇಬ್ಬರು ಗುಂಪು ಬಿಟ್ಟರು. ಒಬ್ಬರನ್ನು ಸಂಜೆ ಮತ್ತೆ ಸೇರಿಸಿದೆವು.

ಅಷ್ಟು ಹೊತ್ತಿಗೆ ಫೋಟೊ ಎಲ್ಲೋ ಮೇಲೆ ಹೋಗಿಬಿಟ್ಟಿತ್ತು. ನನಗೆ ಬೇಜಾರಾಗಿದ್ದು ಅದಕ್ಕೆ. ಆ ಹುಡುಗಿಗೆ ಏನನ್ನಿಸುತ್ತಿದೆ ಅಂತ ಯಾರೂ ಕೇಳಲೇ ಇಲ್ಲ.

ಅವಳ ಕ್ಲಾಸಿನಲ್ಲಿ 21 ಮಕ್ಕಳು. ಬೇಬಿ ಕ್ಲಾಸಿನಿಂದ ಹನ್ನೆರಡನೇ ತರಗತಿವರೆಗೆ ಹೆಚ್ಚುಕಡಿಮೆ ಅದೇ ಮುಖಗಳು. ಯಾರ ಅಜ್ಜಿ ಏನು ಅಡುಗೆ ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಪ್ರತಿ ಏಪ್ರಿಲ್ 24ಕ್ಕೆ, 1915ರಲ್ಲಿ ಆಟೊಮನ್ ತುರ್ಕಿಯಲ್ಲಿ ಶುರುವಾದ ಅರ್ಮೇನಿಯನ್ನರ ನರಮೇಧದ ನೆನಪಿಗೆ, ಎಲ್ಲರೂ ಒಟ್ಟಿಗೆ ಹೋಗುತ್ತಾರೆ. ಅವಳ ಅಜ್ಜಿ ಲೆಬನಾನಿನ ಬೈರೂತ್‌ನ ಅರ್ಮೇನಿಯನ್ ಬಡಾವಣೆ ಬೂರ್ಜ್ ಹಮ್ಮೂದ್‌ನಲ್ಲಿ ಬೆಳೆದವರು. 1975ರಲ್ಲಿ ಅಲ್ಲಿ ಶುರುವಾದ ಅಂತರ್ಯುದ್ಧದಲ್ಲಿ ಊರು ಬಿಟ್ಟು ಇಲ್ಲಿಗೆ ಬಂದರು. ಆ ಅಜ್ಜಿ ಸಮಾರಂಭದಲ್ಲಿ ನನ್ನ ಪಕ್ಕ ಕೂತಿದ್ದರು. ಮೊಮ್ಮಗಳ ಹೆಸರು ಕರೆದಾಗ ಎರಡೂ ಕೈಯಲ್ಲಿ ನನ್ನ ಮೊಣಕೈ ಹಿಡಿದುಕೊಂಡರು. ಅವಳು ಇಳಿದು ಬರುವವರೆಗೆ ಬಿಡಲಿಲ್ಲ.

ಆಮೇಲೆ ಪಾರ್ಕಿಂಗಿನಲ್ಲಿ ಹುಡುಗಿ ನನಗೆ ಹೇಳಿದಳು. ಸೆಪ್ಟೆಂಬರ್‌ನಲ್ಲಿ ಸುಮಾರು 600 ಕಿಲೋಮೀಟರ್ ದೂರದ ಡೇವಿಸ್‌ಗೆ ಓದಲು ಹೋಗುತ್ತಾಳೆ. "ಹದಿಮೂರು ವರ್ಷ ನನ್ನ ಹೆಸರನ್ನು ಯಾರೂ ತಪ್ಪಾಗಿ ಕರೆದಿಲ್ಲ ಆಂಟಿ. ಇನ್ನು ದಿನಾ ಬಿಡಿಸಿ ಹೇಳಬೇಕು," ಅಂದಳು. ಅರ್ಮೇನಿಯದ ರಾಜಧಾನಿ ಯೆರೆವಾನ್‌ನಿಂದ ಬಂದ ಅರ್ಮೇನಿಯನ್ನರು ಸಿಗಬಹುದಲ್ಲ ಅಂದೆ. ಅವರದು ಪೂರ್ವ ಅರ್ಮೇನಿಯನ್ ಮಾತು, ಬೇರೆ ಥರ ಅಂದಳು. ಅವಳ ಅಜ್ಜನ ತಮ್ಮ ಸೈಪ್ರಸ್‌ನ ಮೆಲ್ಕೋನಿಯನ್ ಶಾಲೆಯಲ್ಲಿ ಓದಿದವರಂತೆ. ನರಮೇಧದಲ್ಲಿ ಅನಾಥರಾದ ಮಕ್ಕಳಿಗಾಗಿ 1926ರಲ್ಲಿ ಶುರುವಾದ ಶಾಲೆ ಅದು. 2005ರಲ್ಲಿ ಮುಚ್ಚಿತು. "ಅವರ ಕ್ಲಾಸಿನವರು ಈಗಲೂ ಸೇರ್ತಾರೆ. ಆದ್ರೆ ಹೋಗಿ ನಿಲ್ಲೋಕೆ ಶಾಲೆ ಇಲ್ಲ," ಅಂದಳು. ಅಷ್ಟು ಹೇಳಿ ಟೋಪಿಯ ಕುಚ್ಚನ್ನು ಬೆರಳಿಗೆ ಸುತ್ತುತ್ತಾ ನಿಂತಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ರಾತ್ರಿ ತಮ್ಮ ನನಗೊಬ್ಬಳಿಗೇ ಮೆಸೇಜು ಹಾಕಿದ. "ಅಕ್ಕಾ, ಹುಡುಕಿದೆ. ಕೋಲ್ಕತ್ತಾದಲ್ಲೂ ಅರ್ಮೇನಿಯನ್ ಶಾಲೆ ಇದೆ, ಮಿರ್ಜಾ ಗಾಲಿಬ್ ಸ್ಟ್ರೀಟ್‌ನಲ್ಲಿ. 1821ರದು. ಇನ್ನೂ ನಡೀತಿದೆ." ಗುಂಪಿನಲ್ಲೇ ಹಾಕು ಅಂದೆ. "ಬೇಡ, ಮತ್ತೆ ಶುರುವಾಗುತ್ತೆ," ಅಂದ.

ನಾನೇ ಹಾಕಿದೆ. ಹುಡುಗಿ ಪಾರ್ಕಿಂಗಿನಲ್ಲಿ ಹೇಳಿದ್ದನ್ನೂ ಪೂರ್ತಿ ಬರೆದೆ. ಅವಳಿಗೆ ಏನು ಹೇಳಲಿ, ಯಾರಾದರೂ ಹೇಳಿ ಅಂತ ಕೇಳಿದೆ. ಬೆಳಗ್ಗೆ ನೋಡಿದರೆ ಎಲ್ಲರೂ ಓದಿದ್ದಾರೆ. ಅತ್ತಿಗೆ ಮಾತ್ರ ಉತ್ತರ ಕೊಟ್ಟಿದ್ದರು.

"ದಿನಾ ಅಜ್ಜಿಗೆ ಫೋನ್ ಮಾಡೋಕೆ ಹೇಳು. ಐದೇ ನಿಮಿಷ ಸಾಕು. ಏನು ತಿಂದೆ, ಬಟ್ಟೆ ಒಣಗ್ತಾ, ಇಷ್ಟೇ. ನಮ್ಮ ಅವ್ವನ ಜೊತೆ ನಾನು ಹಾಗೇ ಮಾಡಿದ್ದು. ಮಗಳೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡು ಕಲಿತಳು."

ಅದರ ಕೆಳಗೆ ಅತ್ತೆ ಬರೆದಿದ್ದರು: "ಮಗು ಕೊಡವ ಮಾತಾಡೋದನ್ನ ಒಂದು ಸಲ ವಾಯ್ಸ್ ಹಾಕಮ್ಮ."